ಚಿಕ್ಕ ಹಗಲು

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ ೨೧ ಅಥವಾ ೨೨ರಂದು ಬರುವುದೆಂದು ಭೂಗೋಳದ ಪಾಠದಲ್ಲಿ ಓದಿದ್ದೇವೆ. ಒಂದು ಕಾಲದಲ್ಲಿ ಇಲ್ಲಿ ಚಿನ್ನದ ಗಣಿ ನಡೆಸಿದ ಇಂಗ್ಲಿಷರ ಲಂಡನ್ನಿನಲ್ಲಿ ಅಂದು ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ನಮ್ಮ ಕೆ.ಜಿ.ಎಫ್.ನಲ್ಲಿ ಹನ್ನೊಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಈ ಲೆಕ್ಕದಲ್ಲಿ ನಾವೇ ಶ್ರೀಮಂತರು!

ಆದರೂ ಮಾಗಿಯ ಚಳಿ ನಮ್ಮನ್ನು ಬಿಟ್ಟಿಲ್ಲ. ಬೆಳಗಿನ ಮಂಜಿನಲ್ಲಿ ಸೈನೈಡ್ ಗುಡ್ಡಗಳು ಕಾಣುವುದೇ ಇಲ್ಲ. ಲೈನ್ ಮನೆಗಳ ಮುಂದೆ ಕ್ರಿಸ್‌ಮಸ್ ನಕ್ಷತ್ರಗಳು ತೂಗುತ್ತವೆ. ಬಂಗಾರಪೇಟೆಯ ಸಂತೆಯಿಂದ ಬಂದ ಅವರೆಕಾಯಿಯ ಸೊಗಡು ಓಣಿಯ ತುಂಬ ಹರಡುತ್ತದೆ.

ನನ್ನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದ ಬಂಡೆಯ ಬಿಸಿ ೬೦ ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲೆ ಕಂಬಳಿ ಹೊದೆಯುವ ಚಳಿ, ಕೆಳಗೆ ಬರಿಮೈಯಲ್ಲಿ ಬೆವರು. ಅಲ್ಲಿ ಚಿಕ್ಕ ಹಗಲೂ ಇಲ್ಲ, ದೊಡ್ಡ ಹಗಲೂ ಇಲ್ಲ.

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಪ್ಪ, ಊರಿನ ಸಾವಿರಾರು ಜನರಂತೆ, ಬೆಂಗಳೂರಿನ ರೈಲು ಹಿಡಿದರು. ಊರ್ಗಾಂ ನಿಲ್ದಾಣಕ್ಕೆ ಹೋಗುವಾಗಲೂ ಕತ್ತಲೆ, ಮರಳಿ ಬರುವಾಗಲೂ ಕತ್ತಲೆ. ಡಿಸೆಂಬರ್ ಕಳೆದರೆ ಬೇಗ ಬೆಳಗಾದೀತೆಂದರೆ ಅದೂ ಇಲ್ಲ. ಸೂರ್ಯಾಸ್ತವು ನವೆಂಬರ್ ಕೊನೆಯಿಂದಲೇ ನಿಧಾನವಾಗಿ ಮುಂದಕ್ಕೆ ಹೋಗುತ್ತದೆ; ಸೂರ್ಯೋದಯವೋ ಸಂಕ್ರಾಂತಿಯಾದ ಮೇಲೂ ಕೆಲವು ದಿನ ತಡವಾಗುತ್ತಲೇ ಇರುತ್ತದೆ. ಭೂಮಿಯ ಅಕ್ಷ ವಾಲಿರುವುದೂ, ಜನವರಿಯಲ್ಲಿ ಸೂರ್ಯನಿಗೆ ಸಮೀಪವಾಗಿ ಅದು ವೇಗವಾಗಿ ಚಲಿಸುವುದೂ ಇದಕ್ಕೆ ಕಾರಣ. ಇದನ್ನು ಅಪ್ಪನಿಗೆ ವಿವರಿಸಿದೆ. "ಕಾರಣ ಗೊತ್ತಿಲ್ಲದಿದ್ದರೂ ಕತ್ತಲೆ ಗೊತ್ತಪ್ಪ" ಎಂದು ನಕ್ಕರು.

೨೦೨೫ರಲ್ಲಿ ಆ ಚಿಕ್ಕ ಹಗಲು ಭಾನುವಾರ ಬಿತ್ತು. ಅಪ್ಪ ಮನೆಯಲ್ಲಿದ್ದರು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ನಡೆಯುವುದರಿಂದ, ಬೇಸಗೆಯ ನಡುಹಗಲಿನಲ್ಲಿ ನೆರಳಿರುವ ನಮ್ಮ ತೆಂಕಣ ಗೋಡೆಗೆ ಈಗ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಅದಕ್ಕೆ ಬೆನ್ನೊರಗಿಸಿ ಅಮ್ಮನೊಡನೆ ಅವರೆಕಾಳು ಹಿಸುಕುತ್ತ ಕುಳಿತವರು, "ನಮ್ಮ ಮನೆಗೆ ಇಷ್ಟು ಹೊತ್ತು ಬಿಸಿಲು ಬೀಳುತ್ತದೆಯೇ?" ಎಂದು ಕೇಳಿದರು. ಅದೇ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾಳಿದವರ ಪ್ರಶ್ನೆ ಅದು. ನಾನೂ ಅಮ್ಮನೂ ಸುಮ್ಮನಿದ್ದೆವು.

ಇನ್ನು ಕೆಲವೇ ತಿಂಗಳಲ್ಲಿ ನಾನು ಪದವೀಧರನಾಗುತ್ತೇನೆ. ನಮ್ಮ ವಂಶದಲ್ಲಿ ಮೊದಲಿಗ. ಕೆಲಸ ಎಲ್ಲಿ ಸಿಗುವುದೋ ತಿಳಿಯದು. ಬಹುಶಃ ಅದೇ ರೈಲನ್ನು ಹತ್ತಬೇಕಾದೀತು. ಹತ್ತುತ್ತೇನೆ. ಆದರೆ ಸಂಬಳ ಎಷ್ಟೆಂದು ಕೇಳುವಾಗ, ಮನೆಯ ಬಿಸಿಲಿಗೆ ಎಷ್ಟು ಹೊತ್ತು ಉಳಿಯುವುದೆಂದೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ.