ಚರ್ಚಿನಲ್ಲಿ ಚರ್ಚೆ

'ಚರ್ಚು' ಮತ್ತು 'ಚರ್ಚೆ' ಎಂಬ ಎರಡು ಶಬ್ದಗಳು ಕನ್ನಡದಲ್ಲಿ ಒಡಹುಟ್ಟಿದವುಗಳಂತೆ ಕೇಳಿಸುತ್ತವೆ. ವಾಸ್ತವದಲ್ಲಿ ಅವುಗಳಿಗೆ ಯಾವ ರಕ್ತಸಂಬಂಧವೂ ಇಲ್ಲ. ಮೊದಲನೆಯದು ಗ್ರೀಕಿನಲ್ಲಿ 'ಪ್ರಭುವಿಗೆ ಸೇರಿದ್ದು' ಎಂಬ ಅರ್ಥದ ಮಾತಿನಿಂದ ಹೊರಟು, ಇಂಗ್ಲಿಷಿನ ಹೆಗಲೇರಿ ನಮ್ಮಲ್ಲಿಗೆ ಬಂದದ್ದು; ಎರಡನೆಯದು ಸಂಸ್ಕೃತದ ಮನೆಮಗಳು. ಈ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಸಂಬಂಧ ಬೆಳೆಸುವ ಪ್ರಯತ್ನವೊಂದು ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಒಂದು ಚರ್ಚಿನಲ್ಲಿ ನಡೆಯಿತು. ಎಂಟು ಶನಿವಾರ ಸಂಜೆ ನಾನೂ ಅಲ್ಲಿದ್ದೆ. ಸಂಬಂಧ ಕುದುರಲಿಲ್ಲ. ಚರ್ಚಿನ ಹೆಸರು ಇಲ್ಲಿ ಬೇಡ. ಇಂಥ ಕೋಣೆಗಳು ಬೇರೆ ಕಡೆಯೂ ಇದ್ದಾವು.

ವಯಸ್ಕರಿಗಾಗಿ 'ಸತ್ಯವೇದ ವಿಚಾರ ವಿನಿಮಯ ವರ್ಗ' ಆರಂಭವಾಗುತ್ತದೆಂದು ಒಂದು ಭಾನುವಾರ ಆರಾಧನೆಯ ಕೊನೆಗೆ ಪ್ರಕಟಣೆ ಓದಿದರು. 'ವಿನಿಮಯ' ಎಂಬ ಮಾತು ನನ್ನನ್ನು ಎಳೆಯಿತು. ವಿನಿಮಯವೆಂದರೆ ಕೊಡುವುದೂ ಉಂಟು, ಕೊಳ್ಳುವುದೂ ಉಂಟು ಎಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ಹೇಳಿದ್ದಾರೆ. ಅಲ್ಲದೆ ನಮ್ಮ ಸಭೆಗಳಲ್ಲಿ ಇಂಥ ವರ್ಗಗಳಿಗೆ ಒಳ್ಳೆಯ ವಂಶಾವಳಿಯೇ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಪ್ರಾರ್ಥನಾಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸುಮಾರು ಹನ್ನೆರಡು ಜನರಿಗೆ ಒಂದು ಗುಂಪು, ಗುಂಪಿಗೊಬ್ಬ ಮುಖಂಡ; ಅವನು ವಾರಕ್ಕೊಮ್ಮೆ ಪ್ರತಿಯೊಬ್ಬರಿಂದ ಒಂದು ಪೆನ್ನಿ ವಸೂಲು ಮಾಡಬೇಕು. ಹಣ ಕೇಳಲು ಮನೆಮನೆಗೆ ಹೋದ ಮುಖಂಡರಿಗೆ ಹಣದ ಜೊತೆಗೆ ಮನೆಯ ಕಷ್ಟಸುಖಗಳೂ ಸಿಕ್ಕವು. ಸಾಲದ ವಸೂಲಿಯಾಗಿ ಹುಟ್ಟಿದ್ದು ಮನಸ್ಸು ಬಿಚ್ಚಿ ಮಾತಾಡುವ ಕೂಟವಾಯಿತು. ಗಿರಣಿಯವನೂ ಗಣಿಯವನೂ ಎದ್ದು ತನ್ನ ವಾರ ಹೇಗೆ ಕಳೆಯಿತೆಂದು ಹೇಳುತ್ತಿದ್ದನಂತೆ. ಬೆಳಗಾವಿಗೇನು ಈ ಧರ್ಮ ನಿನ್ನೆ ಬಂದದ್ದಲ್ಲ. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ ಇಲ್ಲಿಗೆ ಬಂದದ್ದು 1820ರಲ್ಲಿ. ಸಂಪೂರ್ಣ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ. ಇಷ್ಟು ಕಾಲ ಓದಿದವರು ಈಗ ಮಾತಾಡುತ್ತಾರೆಂದು ನಾನು ನಿರೀಕ್ಷಿಸಿದ್ದರೆ ಆಶ್ಚರ್ಯವೇನು?

ಇದೆಲ್ಲ ಗ್ರಂಥಾಲಯದ ಕಾರಣ. ಮನೆಯ ಕಾರಣ ಬೇರೆ ಇತ್ತು.

ನಮ್ಮ ಮನೆ ಖಾನಾಪುರದಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡುವ ಕೆಲಸದಲ್ಲಿದ್ದು ಈಗ ಭಟ್ಟಿಯ ಹತ್ತಿರ ಇದ್ದಾನೆ. ಅವ್ವ ಅಲ್ಲಿಯೇ ಹಸಿ ಹಂಚುಗಳನ್ನು ನೆರಳಿನಲ್ಲಿ ಒಣಹಾಕುತ್ತಿದ್ದಳು. ಖಾನಾಪುರದ ಮಣ್ಣು ಹೆಸರುವಾಸಿ. ಮಡಕೆಗೂ ಸರಿ, ಹಂಚಿಗೂ ಸರಿ. ಚರ್ಚಿಗೂ ಹಂಚಿಗೂ ಇರುವ ನಂಟಂತೂ ನಿಜವಾದದ್ದು: ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದರಿಂದಲೇ ಇಂದಿಗೂ ನಮ್ಮ ಜನ ಆ ಬಗೆಯ ಹಂಚಿಗೆ ಮಂಗಳೂರು ಹಂಚು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ. ಆದ್ದರಿಂದ ರೇಶನ್ ಅಂಗಡಿಯ ಕಾಗದವಿರಲಿ, ದೇವರ ಕಾಗದವಿರಲಿ, ಓದಿ ಹೇಳುವ ಹೊಣೆ ನನ್ನದು.

2017ರ ಮಳೆಗಾಲದಲ್ಲಿ ನನ್ನ ತಂಗಿ ಜ್ವರದಿಂದ ತೀರಿಕೊಂಡಳು. ಎಂಟು ವರ್ಷದವಳು. ಜ್ವರ ಬಂದ ಆರನೆಯ ದಿನ. ಮಣ್ಣು ಮಾಡಿ ಬಂದ ಮೇಲೆ, ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು ಅವ್ವನಿಗೆ, ಕುಂಬಾರನಿಗೆ ತನ್ನ ಮಣ್ಣಿನ ಮೇಲೆ ಅಧಿಕಾರವಿದೆ, ಮಣ್ಣು ಕುಂಬಾರನನ್ನು ಪ್ರಶ್ನಿಸಲಾಗದು ಎಂಬ ಅರ್ಥದ ಮಾತು ಹೇಳಿದರು. ಅದು ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 9ನೆಯ ಅಧ್ಯಾಯದ ಮಾತು. ಅವ್ವ ತಲೆಯಾಡಿಸಿದಳು. ಅಂದಿನಿಂದ ಆ ವಿಷಯ ಎತ್ತಲಿಲ್ಲ. ಆರಾಧನೆಗೆ ಬರುತ್ತಾಳೆ, ಹಾಡುತ್ತಾಳೆ, ಆದರೆ ಪ್ರಾರ್ಥನೆಯಲ್ಲಿ ಏನನ್ನೂ ಕೇಳಿಕೊಳ್ಳುವುದಿಲ್ಲ. ಕೈ ಮುಗಿದು ಸುಮ್ಮನೆ ಕೂಡುತ್ತಾಳೆ. ನಾನು ವರ್ಗದ ಸುದ್ದಿ ಹೇಳಿದಾಗ ಇಷ್ಟೇ ಅಂದಳು: "ನೀ ಕಲ್ತಾಂವ. ಆ ಮಣ್ಣಿನ ಮಾತು ಏನಂತ ಕೇಳ್ಕೊಂಡು ಬಾ."

ಹೀಗೆ ಒಂದು ಪ್ರಶ್ನೆಯನ್ನು ಕಿಸೆಯಲ್ಲಿಟ್ಟುಕೊಂಡು ನಾನು ಮೊದಲನೆಯ ಶನಿವಾರ ಹೋದೆ.

ಹದಿನಾಲ್ಕು ಜನ ಬಂದಿದ್ದರು. ನಿವೃತ್ತ ರೈಲ್ವೆ ನೌಕರರೊಬ್ಬರು, ರಾತ್ರಿಪಾಳಿಗೆ ಮೊದಲು ಬಂದ ನರ್ಸಮ್ಮ, ಬ್ಯಾಂಕಿನ ಗುಮಾಸ್ತರು, ಮದುವೆಯಾಗಿ ಒಂದು ತಿಂಗಳಾದ ದಂಪತಿಗಳು, ಕನ್ನಡಕದ ಮುರಿದ ಕಾಲಿಗೆ ದಾರ ಕಟ್ಟಿಕೊಂಡ ಒಬ್ಬ ಅಜ್ಜಿ, ಇನ್ನೂ ಕೆಲವರು. ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ದುಂಡಗೆ ಇಟ್ಟ ಕುರ್ಚಿಗಳನ್ನು ಕಂಡರೆ ಯಾರಿಗಾದರೂ ಮಾತಾಡುವ ಧೈರ್ಯ ಬರುತ್ತದೆ. ವರ್ಗ ನಡೆಸುವವರು ಸಜ್ಜನರು. ಈ ಮಾತನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ. ಯಾರು ಕಾಯಿಲೆಬಿದ್ದರೂ ಮೊದಲು ಹೋಗಿ ನೋಡುವವರು ಅವರೇ. ಅವರು ಎಲ್ಲರಿಗೂ ಒಂದೊಂದು ಪುಸ್ತಿಕೆ ಹಂಚಿದರು.

ಆ ಪುಸ್ತಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಅಮೆರಿಕದಲ್ಲಿ ಹುಟ್ಟಿ, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದದ್ದು. ಪಾಠದ ಮಧ್ಯೆ ಖಾಲಿ ಜಾಗಗಳು: 'ದೇವರು ______ ಆಗಿದ್ದಾನೆ.' ಪುಟದ ಬುಡದಲ್ಲಿ ತಲೆಕೆಳಗಾಗಿ ಉತ್ತರ. ನಂಬಿಕೆಗೆ ಉದಾಹರಣೆಯಾಗಿ ಬೇಸ್‌ಬಾಲ್ ಆಟಗಾರನೊಬ್ಬನ ಕಥೆ. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದವನ ಇನ್ನೊಂದು ಕಥೆ. ನಮ್ಮ ಗುಂಪಿನಲ್ಲಿ ಹೆಪ್ಪುಗಟ್ಟಿದ್ದನ್ನು ಕಂಡವರೆಂದರೆ ಮೊಸರು ಮಾಡುವ ಹೆಣ್ಣುಮಕ್ಕಳು ಮಾತ್ರ. ಒಬ್ಬರು ವಾಕ್ಯ ಓದುವುದು, ಇನ್ನೊಬ್ಬರು ಖಾಲಿ ಜಾಗ ತುಂಬುವುದು, ಉಳಿದವರು ಪುಸ್ತಿಕೆ ತಿರುಗಿಸಿ ಉತ್ತರ ಸರಿಯೆಂದು ಖಚಿತಪಡಿಸಿಕೊಳ್ಳುವುದು, ಇದು ವಿನಿಮಯ. ಏಳೂವರೆಗೆ ಚಹಾ. ಚಹಾದ ಹೊತ್ತಿನಲ್ಲಿ ಮಾತ್ರ ನಿಜವಾದ ಚರ್ಚೆ ನಡೆಯುತ್ತಿತ್ತು: ಗಡಿಯ ಸುದ್ದಿ, ಗೋಗಟೆ ಸರ್ಕಲಿನ ವಾಹನ ದಟ್ಟಣೆ, ಯಾರ ಮಗನಿಗೆ ಬೆಂಗಳೂರಿನಲ್ಲಿ ಕೆಲಸ.

ಮೂರನೆಯ ವಾರ ಒಂದು ಘಟನೆ ನಡೆಯಿತು. ಪಾಠ ಕ್ಷಮೆಯನ್ನು ಕುರಿತದ್ದು. ದಾರದ ಕನ್ನಡಕದ ಅಜ್ಜಿ ತಟ್ಟನೆ, "ನನ್ನ ಮಗಾ ಮನೀ ತನ್ನ ಹೆಸರಿಗೆ ಬರಿಸ್ಕೊಂಡ ಮ್ಯಾಲೆ ಮಾತಾಡ್ಸಿಲ್ರೀ. ಅಂವಾ ತಪ್ಪಾತು ಅಂತ ಅನ್ನವಲ್ಲ. ಅನ್ನದಿದ್ರೂ ಕ್ಷಮಾ ಮಾಡಬೇಕೇನ್ರಿ?" ಎಂದು ಕೇಳಿದರು. ಕೋಣೆ ಸ್ತಬ್ಧವಾಯಿತು. ರೈಲ್ವೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ನರ್ಸಮ್ಮ ಏನೋ ಹೇಳಲು ಬಾಯಿ ತೆರೆದರು. ಸತ್ಯವೇದದಲ್ಲಿಯೇ ಇದಕ್ಕೆ ಎರಡು ಬಗೆಯ ಆಧಾರ ಸಿಗುತ್ತದೆ. ಲೂಕನು ಬರೆದದ್ದರಲ್ಲಿ ಒಂದು ಕಡೆ ತಪ್ಪು ಮಾಡಿದವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ, ಇನ್ನೊಂದು ಕಡೆ ಶಿಲುಬೆಯ ಮೇಲಿನ ಕ್ಷಮೆಗೆ ಯಾರ ಪಶ್ಚಾತ್ತಾಪವೂ ಮುಂಚೆ ಬಂದಿರಲಿಲ್ಲ. ಒಂದು ಸಂಜೆಯೇನು, ಒಂದು ವರ್ಷ ಮಾತಾಡಬಹುದಾದ ಪ್ರಶ್ನೆ. ನಮ್ಮ ಮುಖಂಡರು ಮೃದುವಾಗಿ, "ಅಮ್ಮಾ, ಇದಕ್ಕಾಗಿ ನಾವೆಲ್ಲ ಪ್ರಾರ್ಥನಾ ಮಾಡೋಣ್ರಿ" ಎಂದು ಕಣ್ಣು ಮುಚ್ಚಿದರು. ನಾವೂ ಮುಚ್ಚಿದೆವು. ಕಣ್ಣು ತೆರೆಯುವಷ್ಟರಲ್ಲಿ ನಾಲ್ಕನೆಯ ಖಾಲಿ ಜಾಗ ಬಂದಿತ್ತು. ಮುಂದಿನ ವಾರ ಅಜ್ಜಿ ಬರಲಿಲ್ಲ.

ನನ್ನ ಸರದಿ ಆರನೆಯ ವಾರ ಬಂತು. ಪಾಠದ ಹೆಸರು 'ಕುಂಬಾರನೂ ಮಣ್ಣೂ'. ಅದೇ ರೋಮಾಪುರದ ಪತ್ರಿಕೆ, ಅದೇ 9ನೆಯ ಅಧ್ಯಾಯ. ನಾನು ವಾರವೆಲ್ಲ ಹಾಸ್ಟೆಲಿನಲ್ಲಿ ಕೂತು ಸಿದ್ಧವಾಗಿದ್ದೆ. ಪೌಲನು ಈ ಹೋಲಿಕೆಯನ್ನು ಹಳೆಯ ಪ್ರವಾದಿಗಳಿಂದ ಪಡೆದವನು. ಆದ್ದರಿಂದ ಯೆರೆಮೀಯನ 18ನೆಯ ಅಧ್ಯಾಯವನ್ನೂ ನೋಡೋಣವೇ ಎಂದು ಕೇಳಿದೆ. ಅಲ್ಲಿ ಕುಂಬಾರನ ಕೈಯಲ್ಲಿ ಪಾತ್ರೆ ಕೆಟ್ಟಾಗ ಅವನು ಅದನ್ನು ಎಸೆಯುವುದಿಲ್ಲ, ಅದೇ ಮಣ್ಣಿನಿಂದ ಬೇರೊಂದು ಮಾಡುತ್ತಾನೆ. ಅಷ್ಟೇ ಅಲ್ಲ, ಜನ ತಿರುಗಿಕೊಂಡರೆ ತಾನೂ ಮನಸ್ಸು ಬದಲಿಸುವೆನೆಂದು ದೇವರು ಹೇಳುತ್ತಾನೆ. ಹಾಗಾದರೆ ಮಣ್ಣಿನ ಮಾತಿಗೂ ಬೆಲೆಯುಂಟಲ್ಲ? ಇನ್ನು ಯೋಬ. ನೀನೇ ನನ್ನನ್ನು ಜೇಡಿಮಣ್ಣಿನಂತೆ ರೂಪಿಸಿದೆಯಲ್ಲ, ಈಗ ಧೂಳು ಮಾಡುವೆಯಾ ಎಂದು ಅವನು 10ನೆಯ ಅಧ್ಯಾಯದಲ್ಲಿ ಮುಖಾಮುಖಿ ಕೇಳುತ್ತಾನೆ. ಕಥೆಯ ಕೊನೆಗೆ ದೇವರು ಸಿಟ್ಟಾಗುವುದು ಕೇಳಿದ ಯೋಬನ ಮೇಲಲ್ಲ, ಸುಮ್ಮನಿರೆಂದು ಉಪದೇಶ ಮಾಡಿದ ಅವನ ಗೆಳೆಯರ ಮೇಲೆ. ಮಗುವನ್ನು ಕಳೆದುಕೊಂಡ ತಾಯಿಗೆ ಇವುಗಳಲ್ಲಿ ಯಾವ ಮಾತು ಹೇಳಬೇಕು?

ಯಾರೂ ನಕ್ಕಿಲ್ಲ, ಯಾರೂ ಗದರಿಸಿಲ್ಲ. ಮುಖಂಡರು ತಮ್ಮ ಪುಸ್ತಿಕೆಯ ಪುಟ ತಿರುವಿ ನೋಡಿ, "ಬ್ರದರ್, ಒಳ್ಳೇ ಪ್ರಶ್ನೆ. ಯೋಬ ಮುಂದಿನ ಸಿರೀಜಿನ್ಯಾಗ ಬರ್ತಾನ" ಎಂದರು. ಗಡಿಯಾರ ಏಳೂವರೆ ತೋರಿಸುತ್ತಿತ್ತು.

ಚಹಾದ ಹೊತ್ತಿನಲ್ಲಿ ರೈಲ್ವೆಯವರು ನನ್ನ ಪಕ್ಕಕ್ಕೆ ಬಂದು, ತಮ್ಮ ಮನೆಯವರು ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಮೆಲ್ಲಗೆ ಹೇಳಿದರು. ಮತ್ತೇನೂ ಹೇಳಲಿಲ್ಲ. ಬಿಸ್ಕೀಟು ಚಹಾದಲ್ಲಿ ಅದ್ದಿ ಬಹಳ ಹೊತ್ತು ಹಿಡಿದುಕೊಂಡರು; ಅದು ಕರಗಿ ಬಿತ್ತು. ಈ ಮನುಷ್ಯನೂ ಒಂದು ಪ್ರಶ್ನೆ ಹೊತ್ತುಕೊಂಡೇ ಬಂದವನೆಂದು ನನಗಾಗ ಹೊಳೆಯಿತು. ಬಹುಶಃ ಹದಿನಾಲ್ಕು ಕಿಸೆಗಳಲ್ಲಿಯೂ ಒಂದೊಂದು ಇತ್ತು. ಎಂಟನೆಯ ವಾರಕ್ಕೆ ನಾವು ಐದು ಜನ ಉಳಿದಿದ್ದೆವು. ಐವರಿಗೂ ಪ್ರಮಾಣಪತ್ರ ಕೊಟ್ಟರು, ಫೋಟೋ ತೆಗೆದರು.

ಮಾರನೆಯ ದಿನ ಖಾನಾಪುರಕ್ಕೆ ಹೋದೆ. ಇಪ್ಪತ್ತಾರು ಕಿಲೋಮೀಟರಿನ ದಾರಿ, ಬಸ್ಸಿನಲ್ಲಿ ನಿಂತುಕೊಂಡೇ. ಪ್ರಮಾಣಪತ್ರ ಕಂಡು ಅಪ್ಪ ಸಂತೋಷಪಟ್ಟ. ಅದನ್ನು ನನ್ನ ಹತ್ತನೆಯ ಇಯತ್ತೆಯ ಅಂಕಪಟ್ಟಿಯ ಜೊತೆ ಟ್ರಂಕಿನಲ್ಲಿಟ್ಟ. ಅವ್ವ ಮಾತ್ರ, "ಏನಂದ್ರು?" ಎಂದು ಕೇಳಿದಳು. ಏನೂ ಅನ್ನಲಿಲ್ಲವೆಂದು ಹೇಳಿ, ಅವಳಿಗೇ ಓದಿ ತೋರಿಸಲು ಕುಳಿತೆ. ಯೆರೆಮೀಯ 18. ಆಮೇಲೆ ಪುಟ ತಾನಾಗಿ ಮುಂದಕ್ಕೆ ಹೋದದ್ದರಿಂದ 19. ಅಲ್ಲಿ ಪ್ರವಾದಿ ಕುಂಬಾರನಿಂದ ಒಂದು ಮಣ್ಣಿನ ಪಾತ್ರೆಯನ್ನು ಕೊಂಡು, ಹಿರಿಯರ ಕಣ್ಣೆದುರಿಗೆ ಒಡೆದುಹಾಕುತ್ತಾನೆ. ಅದನ್ನು ಮತ್ತೆ ಸರಿಮಾಡಲು ಬಾರದು.

ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ಮೊದಲಿಂದು ಹಸಿ ಗಡಿಗಿ. ಕೆಟ್ರ ಮತ್ತ ಮುದ್ದಿ ಮಾಡಬಹುದು. ಒಣಗಿದ್ರೂ ನೀರಾಗ ಹಾಕಿದ್ರ ಕರಗಿ ಮಣ್ಣಾಕ್ಕತಿ. ಈಗ ಓದಿದ್ದು ಸುಟ್ಟ ಗಡಿಗಿ. ಅದನ್ನ ಯಾರು ಮತ್ತ ಮಾಡ್ತಾರ?" ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹುಡುಗಿ ಹಸೀದಿದ್ಲೋ ಸುಟ್ಟದ್ದಿದ್ಲೋ? ಅದನ್ನ ಕೇಳಿದ್ಯಾ ನೀ ಅಲ್ಲೆ?"

ನಾನು ಎರಡೂ ಅಧ್ಯಾಯಗಳನ್ನು ಎಷ್ಟೋ ಸಲ ಓದಿದ್ದೆ. ಒಂದು ಹಸಿ, ಒಂದು ಸುಟ್ಟದ್ದು ಎಂಬ ಭೇದ ನನಗೆ ಕಂಡಿರಲಿಲ್ಲ. ಪುಸ್ತಿಕೆ ಬರೆದವನಿಗೂ ಕಂಡಿರಲಿಲ್ಲ. ಹಸಿ ಹಂಚು ಎತ್ತಿ ಇಟ್ಟ ಕೈಗೆ ಕಂಡಿತು.

ಅಪ್ಪ ಬಾಗಿಲಲ್ಲಿ ಕೂತಿದ್ದವನು, "ಸುಟ್ಟದ್ದೂ ಪೂರಾ ಹಾಳಾಗಂಗಿಲ್ಲ. ಒಡದ ಹಂಚು ಕುಟ್ಟಿ ಪುಡಿ ಮಾಡಿ ಹೊಸಾ ಮಣ್ಣಾಗ ಕೂಡಸ್ತಾರ. ಬಿರುಕು ಬಿಡೂದು ಕಡಿಮಿ ಆಕ್ಕತಿ" ಎಂದ.

"ಅದು ಪುಡಿ ಆತು," ಎಂದಳು ಅವ್ವ. "ನಾ ಗಡಿಗಿ ಕೇಳಾಕತ್ತೀನಿ."

ಅಪ್ಪ ಉತ್ತರ ಕೊಡಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಆಮೇಲೆ ಅವನೇ, ಬೋಕಿ ಹಿಡಿದು ಬೂದಿಯಲ್ಲಿ ಕೂತವನು ಯಾರು, ಅವನದನ್ನು ಓದು ಎಂದ. ಯೋಬನನ್ನು ತೆಗೆದೆ. ಕರೆಂಟು ಹೋಯಿತು, ಮೊಬೈಲಿನ ಬೆಳಕಿನಲ್ಲಿ ಮುಂದುವರಿದೆವು. 14ನೆಯ ಅಧ್ಯಾಯದಲ್ಲಿ, ಕಡಿದ ಗಿಡ ಮತ್ತೆ ಚಿಗುರಬಹುದು, ಸತ್ತ ಮನುಷ್ಯನ ಗತಿಯೇನೆಂದು ಅವನು ಕೇಳುವಲ್ಲಿಗೆ ಬಂದಾಗ ಅವ್ವ, "ಅಷ್ಟ ಸಾಕು ಇವತ್ತ" ಎಂದು ಒಳಗೆ ಹೋದಳು. ತಂಗಿಯ ಹೆಸರು ಹಿಡಿದು ಅವಳು ಗಟ್ಟಿಯಾಗಿ ಏನೋ ಕೇಳುತ್ತಿದ್ದದ್ದು ಅಡುಗೆಮನೆಯಿಂದ ನನಗೆ ಕೇಳಿಸಿತು. ಕೇಳುತ್ತಿದ್ದದ್ದು ನಮ್ಮನ್ನಲ್ಲ.

ಈಗ ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ಓದುತ್ತೇವೆ. ಕಳೆದ ವಾರ 31ನೆಯ ಅಧ್ಯಾಯ ಮುಗಿಯಿತು. ಯೋಬನ ಮಾತುಗಳು ಅಲ್ಲಿಗೆ ಮುಕ್ತಾಯವಾದವೆಂದು ಬರೆದಿದೆ. ಅವ್ವ ನಂಬಲಿಲ್ಲ; ಹಾಳಿ ತಿರುವಿ ನೋಡು ಅಂದಳು.