ಮನೆಮಾತು ಮತ್ತು ಪರಭಾಷೆ

ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನದ ಪಾಠವು, ಕಡೆಯ ಸಂಸ್ಕೃತ ಮಂಗಳವಾಕ್ಯದ ಹೊರತು, ಪ್ರಾಕೃತದಲ್ಲಿದೆ. ಅಧಿಕಾರದ ಭಾಷೆಯು ಮನೆಮಾತಿಗಿಂತ ಭಿನ್ನವಾಗಿರುವುದು ಈ ಸೀಮೆಗೆ ನೂತನವಲ್ಲ. ಈಗಿನ ಅಂತಹ ಭಾಷೆ ಇಂಗ್ಲಿಷು.

ಆ ಊರಿನ ಬಾಲಕನೋರ್ವನು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷೊಂದರಲ್ಲಿಯೇ ಅನುತ್ತೀರ್ಣನಾಗಿದ್ದನು. ಮರುಪರೀಕ್ಷೆಯಲ್ಲಿಯೂ ತಪ್ಪಿದರೆ ಓದು ಮುಗಿದಂತೆಯೇ ಎಂದು ತಂದೆಯು ನುಡಿದಿದ್ದನು. "ಕಮ್, ಕೇಮ್, ಕಮ್" ಎಂದು ನಿತ್ಯವೂ ಉರುಹಾಕಿದರೂ, ಬರೆಯುವಾಗ "ಫಾದರ್ ಕಮ್" ಎಂದೇ ಬರೆಯುವನು. ಕೆಂಪುಮಸಿಯ ಗೆರೆ ಏಕೆಂದು ಅಜ್ಜಿಯು ಕೇಳಿದಳು. "ಅಪ್ಪ ಬರ್ತೀನಿ ಅಂದಂಗಾತಂತ" ಎಂದನು. ನಿರಕ್ಷರಿಯಾದ ಆಕೆಯು ನಕ್ಕು, "ಅಪ್ಪ ಬರ್ತಾನ ಅನ್ಬೇಕಲ್ಲೋ!" ಎಂದಳು.

ಕರ್ತೃವಿಗನುಸಾರವಾಗಿ ಕ್ರಿಯಾಪದವು ಮಾರ್ಪಡಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ. ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂಬ ರೂಪಗಳನ್ನೆಲ್ಲ ಬಾಲಕನೂ ತಪ್ಪದೆ ಆಡುತ್ತಿದ್ದನು. ಇಂಗ್ಲಿಷಿನಲ್ಲಾದರೋ ವರ್ತಮಾನಕಾಲದ ಇಂತಹ ಪದಕ್ಕೆ, ಅವನು, ಅವಳು, ಅದು ಎಂಬ ಪ್ರಥಮಪುರುಷದ ಏಕವಚನದಲ್ಲಿ ಸಕಾರವೊಂದೇ ಹತ್ತುವುದು. ಉಳಿದೆಡೆ ಧಾತುವು ಹಾಗೆಯೇ ನಿಲ್ಲುವುದು.

ಆ ರಾತ್ರಿ ಬಾಲಕನು ಪಟ್ಟಿಯನ್ನು ಬದಿಗಿಟ್ಟು, ಅಪ್ಪ, ಅಜ್ಜಿ, ಎತ್ತು, ಮಳೆ ಇವುಗಳನ್ನು ಕುರಿತು ಹತ್ತು ವಾಕ್ಯಗಳನ್ನು ಬರೆದನು. ಎಂಟರಲ್ಲಿ ಸಕಾರವು ಸರಿಯಾಗಿ ಬಂದಿತ್ತು. ಉಳಿದೆರಡನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ ನೋಡಿ, ತಾನೇ ತಿದ್ದಿಕೊಂಡನು.