ಒಂಬತ್ತರಿಂದ ಭಾಗಿಸಿ ನೋಡು

ಖಾತೆಗಳ ಬಾಕಿಯನ್ನೆಲ್ಲ ಕೂಡಿಸಿದ ಮೊತ್ತಕ್ಕೂ ಜನರಲ್ ಲೆಡ್ಜರಿನ ಮೊತ್ತಕ್ಕೂ 270 ರೂಪಾಯಿ ವ್ಯತ್ಯಾಸ ಬಂದರೆ ಏನು ಮಾಡಬೇಕು? ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ ಯಾರೋ ಅಂಕಿಗಳನ್ನು ಅದಲುಬದಲು ಮಾಡಿರುವ ಸಾಧ್ಯತೆ ಹೆಚ್ಚು. 4,520 ಬರೆಯುವಲ್ಲಿ 4,250 ಬರೆದಿರುತ್ತಾರೆ. ಒಂಬತ್ತಕ್ಕೆ ಹೋಗದಿದ್ದರೆ ಅದನ್ನು ಅರ್ಧ ಮಾಡಿ, ಆ ಅರ್ಧದ ಮೊತ್ತದ ವೋಚರ್ ಹುಡುಕಬೇಕು. ಜಮೆಯಾಗಬೇಕಾದದ್ದು ಖರ್ಚಿನ ಕಡೆ ಬಿದ್ದಿರುತ್ತದೆ. ಎರಡೂ ಅಲ್ಲವೆಂದಾದರೆ ರಾತ್ರಿ ಊಟಕ್ಕೆ ಕಾಯಬೇಡಿ ಎಂದು ಮನೆಗೆ ಹೇಳಿ ಕಳಿಸಬೇಕು.

ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಿ ನಮಗೆ ಇದನ್ನೆಲ್ಲ ಕಲಿಸಿದವರು ನಮ್ಮ ಹೆಡ್ ಕ್ಲರ್ಕ್. ನೇಮಕಾತಿ ಮಂಡಳಿಯ ಪರೀಕ್ಷೆ ಬರೆದು ಕ್ಲರ್ಕ್ ಆಗಿ ಬಂದಿದ್ದ ಹುಡುಗರು ನಾವು ನಾಲ್ವರು. ನಾನು ಕುಂದಾಪುರದ ಕಡೆಯವನು. ಒಬ್ಬ ಮೈಸೂರಿನವನು, ಒಬ್ಬ ರಾಯಚೂರಿನವನು, ಇನ್ನೊಬ್ಬ ತೀರ್ಥಹಳ್ಳಿಯವನು. ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಏ ಮೈಸೂರು, ಡೇ ಬುಕ್ ಕೊಡು’, ‘ರಾಯಚೂರು, ಚಹಾಕ್ಕ ಬರ್ತಿಯೇನು?’ ಎನ್ನುವುದೇ ರೂಢಿ. ವಿದ್ಯಾನಗರದಲ್ಲಿ ಮಹಡಿಯ ಮೇಲಿನ ಒಂದು ಕೋಣೆಯನ್ನು ನಾಲ್ವರೂ ಸೇರಿ ಬಾಡಿಗೆಗೆ ಹಿಡಿದಿದ್ದೆವು.

ಆಗ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಗಿರಾಕಿಯ ಕೈಗೆ ಹಿತ್ತಾಳೆ ಟೋಕನ್ ಕೊಟ್ಟು ಕೂರಿಸುತ್ತಿದ್ದೆವು. ಚೆಕ್ಕು ಲೆಡ್ಜರಿನಿಂದ ಅಧಿಕಾರಿಗೆ, ಅಲ್ಲಿಂದ ಕ್ಯಾಶಿಯರ್ ಬಳಿಗೆ ನಡೆದು ಹೋಗುತ್ತಿತ್ತು. ಉಳಿತಾಯ ಖಾತೆಯ ಬಡ್ಡಿಗೆ ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಬಾಕಿಯನ್ನೇ ಹಿಡಿಯಬೇಕು. 2010ರವರೆಗೂ ನಿಯಮ ಅದೇ ಇತ್ತು. ಸಾವಿರಾರು ಖಾತೆಗಳಿಗೆ ಅದನ್ನು ಕೈಯಲ್ಲೇ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಬೆರಳಿಗೆ ಶಾಯಿ, ಕಣ್ಣಿಗೆ ಕತ್ತಲೆ.

ಹೆಡ್ ಕ್ಲರ್ಕರು ಧಾರವಾಡದವರು. ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿದ್ದರು. ಅವರದೊಂದು ಕಟ್ಟಳೆ: ಒಬ್ಬನ ಲೆಡ್ಜರ್ ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ತನ್ನದು ಮುಗಿಯಿತೆಂದು ಚಪ್ಪಲಿ ಮೆಟ್ಟಿದವನಿಗೆ, ‘ಎಲ್ಲಿಗಪಾ ತಮ್ಮಾ? ಅವನ ಡಿಫರೆನ್ಸ್ ನಿಂದಲ್ಲೇನು?’ ಎನ್ನುತ್ತಿದ್ದರು. ಒಬ್ಬ ಅಂಕಿ ಓದುವುದು, ಇನ್ನೊಬ್ಬ ಟಿಕ್ ಹಾಕುವುದು. ತಾನು ಬರೆದ ಪುಟವನ್ನು ತಾನೇ ಪರೀಕ್ಷಿಸಬಾರದು, ಬೇರೆಯವರ ಕೈಗೆ ಕೊಡಬೇಕು. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ.

ಜೂನ್ 30 ಮತ್ತು ಡಿಸೆಂಬರ್ 31ರ ಕ್ಲೋಸಿಂಗ್ ನಮಗೆ ಜಾತ್ರೆ. 1983ರ ಅರ್ಧವಾರ್ಷಿಕ ಕ್ಲೋಸಿಂಗ್ ಅಂತೂ ಮರೆಯುವ ಹಾಗೇ ಇಲ್ಲ. ಜೂನ್ 25 ಶನಿವಾರ. ಶಾಖೆಯ ಬಾಗಿಲು ಹಾಕಿ ಒಳಗೆ ಬ್ಯಾಲೆನ್ಸಿಂಗಿಗೆ ಕೂತಿದ್ದೆವು. ಕ್ಯಾಶಿಯರ್ ಮೇಜಿನ ಮೇಲಿನ ಟ್ರಾನ್ಸಿಸ್ಟರಿನಲ್ಲಿ ಲಾರ್ಡ್ಸ್‌ನ ವಿಶ್ವಕಪ್ ಫೈನಲ್. ಭಾರತ 183ಕ್ಕೆ ಆಲೌಟ್ ಆದಾಗ ಮೈಸೂರಿನವನು ‘ಮುಗೀತು ಕಣ್ರೋ, ಇನ್ನಾದ್ರೂ ಕೆಲಸ ಮಾಡಿ’ ಅಂದ. ಕೆಲಸ ಎಲ್ಲಿ ಸಾಗಬೇಕು! ರಿಚರ್ಡ್ಸ್ ಹೊಡೆದ ಚೆಂಡು ಕಪಿಲ್ ಕೈಸೇರಿದ ಮೇಲೆ ಲೆಡ್ಜರುಗಳು ತೆರೆದಲ್ಲೇ ಬಿದ್ದುಕೊಂಡವು. ನಮ್ಮ ರೋಜರ್ ಬಿನ್ನಿಯ ಬೌಲಿಂಗಿಗೆ ಕ್ಲೈವ್ ಲಾಯ್ಡ್ ಔಟಾದಾಗ ಹೆಡ್ ಕ್ಲರ್ಕರೇ ಎದ್ದು ಟೋಕನ್ನಿನ ಡಬ್ಬಿ ಹಿಡಿದು ಬಾರಿಸಿದರು. 43 ರನ್ನುಗಳಿಂದ ಗೆದ್ದಾಗ ಮಧ್ಯರಾತ್ರಿ ಹತ್ತಿರ ಬಂದಿತ್ತು. ಮ್ಯಾನೇಜರ್ ತಮ್ಮ ಜೇಬಿನಿಂದ ತರಿಸಿದ್ದ ಗಿರ್ಮಿಟ್ ಮತ್ತು ಮಿರ್ಚಿ ಭಜಿ ಆರಿ ತಣ್ಣಗಾಗಿದ್ದವು. ತಣ್ಣಗಿನದನ್ನೇ ಮುಗಿಸಿ, ಮತ್ತೆ ಅಂಕಿ ಓದಲು ಕೂತೆವು.

ಊಟದ ವಿಷಯಕ್ಕೆ ಬರುತ್ತೇನೆ. ಕುಚ್ಚಲಕ್ಕಿ ಗಂಜಿ, ತೆಂಗಿನೆಣ್ಣೆಯ ಒಗ್ಗರಣೆಯಲ್ಲಿ ಬೆಳೆದ ನನಗೆ ಹುಬ್ಬಳ್ಳಿಯ ಖಾನಾವಳಿಯ ಮೊದಲ ತಾಟು ಕಂಡು ಗಾಬರಿಯಾಗಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಅನ್ನ ಬಂದದ್ದು ಎಲ್ಲದರ ಕೊನೆಗೆ, ಅದೂ ಬಾಯಿ ಒರೆಸಿಕೊಳ್ಳಲು ಕೊಟ್ಟ ಹಾಗೆ. ಖಾನಾವಳಿ ನಡೆಸುತ್ತಿದ್ದ ಅಕ್ಕಾವ್ರು ನನ್ನ ಮುಖ ನೋಡಿಯೇ, ‘ರೊಟ್ಟಿ ಮುರಕೊಂಡು ಮೊಸರಾಗ ಅದ್ದಿಕೊಂಡು ಉಣ್ರಿ. ನಾಕು ದಿನ, ಆಮ್ಯಾಲೆ ನೀವ ಕೇಳ್ತೀರಿ’ ಎಂದರು. ಅವರು ಹೇಳಿದಂತೆಯೇ ಆಯಿತು. ಈಗ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ರೊಟ್ಟಿ ಆಗದಿದ್ದರೆ ನನಗೆ ಸಮಾಧಾನವಿಲ್ಲ. ಕರಾವಳಿಯ ಹೆಂಡತಿಗೆ ಅದು ಇಂದಿಗೂ ಒಗಟು. ಸಂಬಳದ ದಿನ ಧಾರವಾಡದ ಲೈನ್ ಬಜಾರಿಗೆ ಹೋಗಿ ಪೇಡೆ ತರುವುದು ತೀರ್ಥಹಳ್ಳಿಯವನ ಪಾಲಿನ ಕೆಲಸ. ಸಾಲು ಉದ್ದವಿತ್ತು ಎಂದು ಹೇಳುತ್ತ ಅರ್ಧ ಖಾಲಿಯಾದ ಪೊಟ್ಟಣ ತರುತ್ತಿದ್ದ.

ಅದೇ ರೊಟ್ಟಿ ನಮ್ಮ ಪ್ರವಾಸಗಳನ್ನೂ ನಡೆಸಿತು. ಕೆಲವು ವರ್ಷಕ್ಕೊಮ್ಮೆ ಸಿಗುತ್ತಿದ್ದ ರಜಾ ಪ್ರಯಾಣ ಸೌಲಭ್ಯವಾದ ಎಲ್‌ಎಫ್‌ಸಿಯಲ್ಲಿ ನಾಲ್ವರೂ ದಿಲ್ಲಿ, ಆಗ್ರಾ ನೋಡಲು ಹೊರಟೆವು. ನಾಲ್ವರಿಗೂ ಒಟ್ಟಿಗೆ ರಜೆ ಕೊಡಲು ಮ್ಯಾನೇಜರನ್ನು ಒಪ್ಪಿಸಿದ್ದೇ ಒಂದು ಯಾತ್ರೆ. ಹುಬ್ಬಳ್ಳಿಯಲ್ಲಿ ಆಗಿನ್ನೂ ಮೀಟರ್ ಗೇಜ್. ಲೋಂಡಾ, ಬೆಳಗಾವಿ ದಾಟಿ ಮಿರಜಿನವರೆಗೆ ಆ ಸಣ್ಣ ಹಳಿಯ ಗಾಡಿ. ಅಲ್ಲಿ ಹೋಲ್ಡಾಲು, ಟ್ರಂಕು ಹೊತ್ತು ಇಳಿದು ದೊಡ್ಡ ಹಳಿಯ ಗಾಡಿ ಹತ್ತಬೇಕು. ಅಕ್ಕಾವ್ರು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಆಗ್ರಾದವರೆಗೂ ಕೆಡಲಿಲ್ಲ. ಝಾನ್ಸಿ ದಾಟಿದ ಮೇಲೆ ಎದುರು ಸೀಟಿನ ಪಂಜಾಬಿ ಅಜ್ಜಿಯೊಬ್ಬರು ಆ ರೊಟ್ಟಿಯನ್ನು ಹಪ್ಪಳವೆಂದುಕೊಂಡು ತಿಂದು, ಬದಲಿಗೆ ನಮಗೆ ಮಾವಿನ ಉಪ್ಪಿನಕಾಯಿ ಕೊಟ್ಟರು. ತಾಜ್ ಮಹಲಿನ ಮುಂದೆ ತೆಗೆಸಿದ ಫೋಟೋದಲ್ಲಿ ಮೂವರು ತಾಜ್ ಕಡೆ ನೋಡುತ್ತಿದ್ದೇವೆ. ಮೈಸೂರಿನವನ ಕಣ್ಣು ಮಾತ್ರ ಚಾಟ್ ಗಾಡಿಯ ಮೇಲಿದೆ.

ರಾಯಚೂರಿನವನಿಗೆ ಮನಸ್ಸು ಸರಿಯಿಲ್ಲದಾದದ್ದು ಆ ಪ್ರವಾಸದ ಮರುವರ್ಷ. ಇದನ್ನು ಬರೆ ಎಂದವನೂ ಅವನೇ. ಮೊದಲು ನಿದ್ದೆ ಹೋಯಿತು. ಬೆಳಗಿನ ಜಾವ ಮೂರಕ್ಕೆ ಎದ್ದು ಕಿಟಕಿಯ ಬಳಿ ಕೂತಿರುತ್ತಿದ್ದ. ಆಮೇಲೆ ರೊಟ್ಟಿ ಸೇರದಾಯಿತು. ರಾಜ್‌ಕುಮಾರ್ ಸಿನಿಮಾ ಬಿಡುಗಡೆಯಾದ ದಿನವೇ ನೋಡುತ್ತಿದ್ದವನು ಟಾಕೀಸಿನ ಮಾತೆತ್ತಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಕೊನೆಗೆ ಒಂದು ಸಂಜೆ, ಕೂಡಿಸಬೇಕಾದ ಪುಟದ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತ. ಅಂಕಿ ಕಾಣುತ್ತದೆ, ಕೂಡಲು ಬರುತ್ತಿಲ್ಲ ಎಂದ.

ಆ ಕಾಲದ ಮಾತು ನೆನೆಯಿರಿ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನಿಗೆ ಧಾರವಾಡಕ್ಕ ಟಿಕೆಟ್ ತಗಸ್ರಿ’ ಎನ್ನುವುದು ಆ ಸೀಮೆಯ ಮಾಮೂಲು ಚೇಷ್ಟೆ. ಅಲ್ಲಿ ಬ್ರಿಟಿಷರ ಕಾಲದಿಂದಲೂ ಮಾನಸಿಕ ರೋಗಿಗಳ ಆಸ್ಪತ್ರೆ ಇದೆ. ಈಗ ಡಿಮ್ಹಾನ್ಸ್ ಎಂದು ಹೆಸರು. ಕೆಲವರು ಗಾಳಿ ಸೋಕಿದೆ ಎಂದರು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದವರೂ ಕಡಿಮೆ ಇರಲಿಲ್ಲ. ಹೆಡ್ ಕ್ಲರ್ಕರು ಮಾತ್ರ ಅವನ ಕೈಯಿಂದ ಲೆಡ್ಜರ್ ಮೆಲ್ಲಗೆ ತೆಗೆದುಕೊಂಡು ತೀರ್ಥಹಳ್ಳಿಯವನ ಮುಂದಿಟ್ಟರು. ‘ನಾಳೆ ನೀ ಬ್ಯಾಂಕಿಗೆ ಬರಬ್ಯಾಡ. ಧಾರವಾಡಕ್ಕ ಬಾ, ನಾ ಬಸ್ ಸ್ಟ್ಯಾಂಡಿನ್ಯಾಗ ಇರ್ತೀನಿ’ ಎಂದರು. ಶಾಖೆಯಲ್ಲಿ ಆ ಚೇಷ್ಟೆಯ ಮಾತು ಅವತ್ತಿಗೆ ನಿಂತುಹೋಯಿತು.

ಡಾಕ್ಟರು ತುಂಬ ಹೊತ್ತು ಮಾತಾಡಿಸಿದರು, ಖಿನ್ನತೆ ಎಂದರು. ಮಾತ್ರೆಯ ಗುಣ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ, ಚೆನ್ನಾಗಿದ್ದೇನೆ ಎನಿಸಿದ ಕೂಡಲೇ ನಿಲ್ಲಿಸಬೇಡಿ ಎಂದು ನಮಗೂ ಹೇಳಿ ಕಳಿಸಿದರು. ಮಾತ್ರೆಯ ಡಬ್ಬಿ ನನ್ನ ಟ್ರಂಕಿನಲ್ಲಿ ಇರುತ್ತಿತ್ತು. ರಾತ್ರಿ ಸರದಿಯ ಮೇಲೆ ಎಚ್ಚರವಿರುತ್ತಿದ್ದೆವು. ಎಚ್ಚರವಿದ್ದವನು ಇಸ್ಪೀಟು ಹರಡಿಕೊಂಡು ಕೂರುತ್ತಿದ್ದ. ರಾಯಚೂರಿನವನಿಗೆ ಎಚ್ಚರವಾದರೆ ಕೈಗೆ ಎಲೆ ಹಂಚುವುದು, ಏನನ್ನೂ ಕೇಳುವುದಲ್ಲ. ಮಾತ್ರೆಗೆ ಅವನ ಬಾಯಿ ಒಣಗುತ್ತಿತ್ತು. ಅಕ್ಕಾವ್ರಿಗೆ ನಾವು ಏನೂ ಹೇಳಿರಲಿಲ್ಲ. ಆದರೂ ಅವನ ತಾಟಿನ ಪಕ್ಕ ದೊಡ್ಡ ಲೋಟದಲ್ಲಿ ಮಜ್ಜಿಗೆ ಬರತೊಡಗಿತು, ಲೆಕ್ಕದ ಪುಸ್ತಕಕ್ಕೆ ಅದು ಏರಲಿಲ್ಲ.

ಅವನು ಮೊದಲ ಬಾರಿಗೆ ತಾನಾಗಿ ಹೊರಗೆ ಬಂದದ್ದು ಸಂಗೀತಕ್ಕೆ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಇತ್ತು. ಮೈಸೂರಿನವನಿಗೆ ಹಿಂದುಸ್ತಾನಿಯೆಂದರೆ ಆಕಳಿಕೆ, ಆದರೂ ಬಂದ. ಮನ್ಸೂರರದು ಜರಿಯಂಚಿನ ಧೋತರ, ತಲೆಗೆ ಟೋಪಿ, ಕಡ್ಡಿಯಂಥ ಮೈ. ಆ ಮೈಯಿಂದ ಅಷ್ಟು ದಮ್ಮಿನ ತಾನುಗಳು ಹೇಗೆ ಹೊರಡುತ್ತವೆ ಎಂದು ನಾನು ಲೆಕ್ಕ ಹಾಕುತ್ತ ಕೂತೆ. ಬೇರೆಯವರು ಹಾಡದ ಅಪರೂಪದ ರಾಗಗಳನ್ನು ಎತ್ತಿಕೊಂಡು, ಒಂದರ ಬೆನ್ನಿಗೆ ಒಂದು, ನೀರು ಕುಡಿಯಲೂ ಬಿಡುವಿಲ್ಲದೆ ಹಾಡಿದರು. ಪಕ್ಕದಲ್ಲಿದ್ದ ರಾಯಚೂರಿನವನು ಸಂಗೀತ ಕೇಳುತ್ತಿದ್ದನೋ, ತಲೆಯೊಳಗಿನ ಸದ್ದಿನಿಂದ ಬಿಡುವು ಪಡೆದಿದ್ದನೋ ತಿಳಿಯದು. ಹೊರಬಂದ ಮೇಲೆ ‘ಹಸಿವಾಗೇತಿ’ ಎಂದ. ಅಂದಿನ ಪೇಡೆಯ ಪೊಟ್ಟಣವನ್ನು ತೀರ್ಥಹಳ್ಳಿಯವನು ಮುಟ್ಟದೆ ಅವನ ಕೈಗಿಟ್ಟ.

ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. ಬಡ್ತಿ ಒಪ್ಪಿಕೊಂಡರೆ ಅಧಿಕಾರಿಯಾಗಿ ದೂರದ ರಾಜ್ಯಕ್ಕೆ ವರ್ಗ ಖಂಡಿತ. ಹೆಡ್ ಕ್ಲರ್ಕರು ಅದಕ್ಕಾಗಿಯೇ ಕೊನೆಯವರೆಗೂ ಬಡ್ತಿ ಬೇಡವೆಂದವರು. ನಾನು, ರಾಯಚೂರಿನವನು ಒಪ್ಪಿಕೊಂಡು ಬೇರೆ ಬೇರೆ ದಿಕ್ಕಿಗೆ ಹೋದೆವು. ಭಾಷೆ ಬಾರದ ಊರಿನಲ್ಲಿ ಅವನಿಗೆ ಕಾಯಿಲೆ ಮರುಕಳಿಸಿತು. ಆದರೆ ಈ ಸಲ ಬೆಳಗಿನ ಜಾವದ ಎಚ್ಚರವನ್ನು ಅವನೇ ಗುರುತಿಸಿ, ಅಲ್ಲಿಯ ಡಾಕ್ಟರನ್ನು ಕಂಡು, ಆಮೇಲೆ ನನಗೆ ಇನ್‌ಲ್ಯಾಂಡ್ ಲೆಟರ್ ಬರೆದ. ತೀರ್ಥಹಳ್ಳಿಯವನು 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಹೊರಬಂದು ತೋಟ ಸೇರಿದ. ಮೈಸೂರಿನವನು ಮೈಸೂರಿಗೇ ವರ್ಗ ಮಾಡಿಸಿಕೊಂಡ. ಹೇಗೆ ಎಂಬುದು ಅವನಿಗೂ ಅವನ ಯೂನಿಯನ್ನಿಗೂ ಮಾತ್ರ ಗೊತ್ತು.

ಈಗಿನ ಶಾಖೆಗೆ ಹೋದರೆ ಅಂದಿನ ಬಗೆಯ ಡಿಫರೆನ್ಸಿಗೆ ಜಾಗವೇ ಇಲ್ಲ, ಕೂಡುವ ಕೆಲಸ ಯಂತ್ರದ್ದು. ಮನಸ್ಸು ಕುಗ್ಗಿದವರಿಗೆ 14416 ಎಂಬ ಟೆಲಿ ಮನಸ್ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ವಿಮೆಯಲ್ಲೂ ಈ ಕಾಯಿಲೆಯನ್ನು ಉಳಿದವುಗಳಂತೆಯೇ ಕಾಣಬೇಕು. ಅಂದಿಗಿಂತ ಇವೆಲ್ಲ ಒಳ್ಳೆಯದೇ. ಆದರೆ ಟಾರ್ಗೆಟ್ಟಿನ ಒತ್ತಡದಲ್ಲಿ ಸೊರಗಿದ ಹುಡುಗ ಹುಡುಗಿಯರನ್ನು ಕೌಂಟರಿನಲ್ಲಿ ಕಂಡಾಗ ಹೆಡ್ ಕ್ಲರ್ಕರ ಕಟ್ಟಳೆ ನೆನಪಾಗುತ್ತದೆ. ಅವರೇನು ಮನಶ್ಶಾಸ್ತ್ರ ಓದಿದವರಲ್ಲ. ಸಂಜೆ ಒಬ್ಬರಿಗಾಗಿ ಎಲ್ಲರೂ ಕಾದು ಕೂತದ್ದರಿಂದಲೇ ರಾಯಚೂರಿನವನ ಪೆನ್ನು ನಿಂತದ್ದು ನಮಗೆ ಕಂಡಿತು. ಅವರವರ ಕೆಲಸ ಮುಗಿಸಿ ಅವರವರು ಎದ್ದುಹೋಗುವ ಕಚೇರಿಯಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬರುವ ಚಳಿಗಾಲಕ್ಕೆ ನಾಲ್ವರೂ ಹುಬ್ಬಳ್ಳಿಯಲ್ಲಿ ಸೇರುವುದೆಂದು ನಿಶ್ಚಯವಾಗಿದೆ. ಅಲ್ಲೀಗ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್, ಜಗತ್ತಿಗೇ ದೊಡ್ಡದು. ‘ಮಂಡಿನೋವಿನವರು ಯಾವ ತುದಿಯಲ್ಲಿ ಇಳೀಬೇಕು, ಮೊದಲೇ ವಿಚಾರಿಸ್ರೋ’ ಎಂದು ಮೈಸೂರಿನವನ ತಕರಾರು. ಖರ್ಚಿನ ಲೆಕ್ಕ ಬರೆಯುವ ಕೆಲಸವನ್ನು ರಾಯಚೂರಿನವನು ತಾನೇ ಕೇಳಿ ತೆಗೆದುಕೊಂಡಿದ್ದಾನೆ. ಅದನ್ನು ಪರೀಕ್ಷಿಸುವ ಕೆಲಸ, ಕಟ್ಟಳೆಯ ಪ್ರಕಾರ, ನನ್ನದು.